ಬರಲಾ ಎಂದು ಕೇಳಿದ ಪ್ರಾಣಿ

ನನ್ನ ಮಗಳು ಮಾತಾಡಿದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ. ಅದೂ ನನ್ನ ಜೊತೆಯಲ್ಲ, ಸಿನಿಮಾದಲ್ಲಿದ್ದ ಒಂದು ಪ್ರಾಣಿಯ ಜೊತೆ.

ಆಗ ಅವಳಿಗೆ ಆರು ವರ್ಷ. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಮೈಸೂರಿನ ಡಾಕ್ಟರು ‘ಅಭ್ಯಾಸ ಮಾಡಿಸಿ, ಕಾಯಿರಿ’ ಎಂದಿದ್ದರು. ನಮ್ಮತ್ತೆ ಕಾಯುವ ಪೈಕಿಯಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು, ಗಿಣಿ ಕಚ್ಚಿದ ಸೀಬೆಹಣ್ಣು ಹುಡುಕಿ ತಂದು ತಿನ್ನಿಸಿದರು. ನಾನೋ, ಸಂತೆಮರಹಳ್ಳಿ ಕಡೆಯ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿನ ಟೀಚರು. ದಿನವಿಡೀ ಊರವರ ಮಕ್ಕಳಿಗೆ ‘ಬಾಯಿ ಮುಚ್ಚಿ’ ಎಂದು ಕಿರುಚಿ, ಮನೆಗೆ ಬಂದು ನನ್ನ ಮಗಳ ಮುಂದೆ ‘ಬಾಯಿ ಬಿಡು’ ಎಂದು ಗೋಗರೆಯುವ ಹಣೆಬರಹ ನನ್ನದು.

ಆ ಸಿನಿಮಾ ಚಾಮರಾಜನಗರಕ್ಕೆ ಬಂದದ್ದು ಬೇಸಿಗೆ ರಜೆಯಲ್ಲಿ. ಯಾವುದೋ ದೇಶದ್ದು, ಕನ್ನಡಕ್ಕೆ ಡಬ್ ಮಾಡಿದ್ದರು. ಒಬ್ಬಳು ಹುಡುಗಿ, ಅವಳ ಮಂಚದ ಕೆಳಗೆ ಬಂದು ಸೇರಿಕೊಂಡ ಒಂದು ಮಾಯದ ಪ್ರಾಣಿ. ಮೈತುಂಬ ನೀಲಿ ಕೂದಲು, ಮೇಕೆಮರಿಯ ಕೊಂಬು, ಮೊರದಗಲ ಕಿವಿ. ಆ ಹುಡುಗಿಯನ್ನು ಬಿಟ್ಟು ಬೇರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಮೊದಲ ಸಲ ಅದು ಮಂಚದಡಿಯಿಂದ ಮೂತಿ ಹೊರಗೆ ಹಾಕಿ, ನೇರವಾಗಿ ನಮ್ಮನ್ನೇ ನೋಡುತ್ತ, ‘ನಾನು ಬರಲಾ?’ ಎಂದು ಕೇಳಿತು. ಸಿನಿಮಾದ ಹುಡುಗಿ ಹೆದರಿ ಸುಮ್ಮನಿದ್ದಳು.

ಆಗ ನನ್ನ ಮಗ್ಗುಲಿನಿಂದ ಒಂದು ದನಿ ಬಂತು. ‘ಬಾ. ಇಲ್ಲಿ ಜಾಗ ಅದೆ.’

ಹಿಂದಿನ ಸಾಲಿನ ಯಾವುದೋ ಮಗುವಿರಬೇಕು ಎಂದುಕೊಂಡೆ. ತಿರುಗಿದರೆ ನನ್ನ ಮಗಳು ಸೀಟಿನ ಒಂದು ತುದಿಗೆ ಸರಿದು, ಉಳಿದರ್ಧವನ್ನು ಅಂಗೈಯಿಂದ ಒರೆಸುತ್ತಿದ್ದಳು. ಮುಟ್ಟಿದರೆ ಮಾತು ಎಲ್ಲಿ ನಿಂತುಹೋಗುವುದೋ ಎಂದು ಮುಟ್ಟಲಿಲ್ಲ. ಸಿನಿಮಾ ಮುಗಿಯುವವರೆಗೂ ಕಿವಿಯಾಗಿ ಕೂತೆ. ಮತ್ತೆ ಮಾತಿಲ್ಲ.

ಇಂಥ ಸುದ್ದಿ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಮಾರನೆಯ ದಿನದ ಆಟಕ್ಕೆ ಅತ್ತೆ ಬಂಧುಬಳಗವನ್ನೆಲ್ಲ ಹೊರಡಿಸಿದರು. ಚಂದಕವಾಡಿಯ ನಾದಿನಿ ಮಕ್ಕಳೊಂದಿಗೆ ಬಂದಳು. ಒಂದು ಸಾಲು ಪೂರ್ತಿ ನಮ್ಮವರೇ. ಒಬ್ಬರಾದರೂ ಪರದೆ ನೋಡಿದರೆ ಕೇಳಿ. ಎಲ್ಲರ ಕಣ್ಣೂ ನನ್ನ ಮಗಳ ತುಟಿಯ ಮೇಲೆ. ಪ್ರಾಣಿ ‘ಬರಲಾ?’ ಎಂದದ್ದೇ ತಡ, ಸಾಲಿಗೆ ಸಾಲೇ ಶುರುವಾಯಿತು.

‘ಅನ್ನು ಕಣಮ್ಮಿ, ಬಾ ಅನ್ನು!’

‘ಜಾಗ ಅದೆ ಅನ್ನವ್ವ, ನನ್ ಚಿನ್ನ!’

ಅವಳು ನನ್ನ ಮಡಿಲಲ್ಲಿ ಮುಖ ಹುದುಗಿಸಿದವಳು ಮತ್ತೆ ಎತ್ತಲಿಲ್ಲ. ಮನೆಗೆ ಬಂದು ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಅತ್ತರು. ‘ನಾವೇ ಕಣ್ಣಾಕ್ಬುಟ್ಟೋ ಕಣವ್ವ.’ ಬೈಯೋಣವೆಂದರೆ ಬಾಯಿ ಬರಲಿಲ್ಲ. ಅವರಿಗೂ ಆಸೆಯೇ ತಾನೆ.

ನಾನೊಬ್ಬಳೇ ಅವಳನ್ನು ಕರೆದುಕೊಂಡು ಹೋಗೋಣವೆಂದು ಮರುದಿನ ಹೋದರೆ ಶುಕ್ರವಾರ. ಸಿನಿಮಾ ಬದಲಾಗಿತ್ತು. ಪೋಸ್ಟರಿನಲ್ಲಿ ಒಬ್ಬ ಗಡ್ಡದವನು ಮಚ್ಚು ಹಿಡಿದು ನಿಂತಿದ್ದ.

ನನ್ನ ಗಂಡ ಗುಂಡ್ಲುಪೇಟೆಯಿಂದ ಕೇರಳಕ್ಕೆ ಚೆಂಡುಹೂವಿನ ಟೆಂಪೊ ಓಡಿಸುತ್ತಾರೆ. ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ಮನುಷ್ಯ. ವಾರದ ಮೇಲೆ ಒಂದು ಬೆಳಿಗ್ಗೆ ಫೋನ್ ಮಾಡಿ ಕೂಗಿದರು: ‘ಅವಳ ಪ್ರಾಣಿ ಇಲ್ ಬಂದದೆ ಕಣಮ್ಮಿ! ನಾನೇ ಪೋಸ್ಟರ್ ನೋಡ್ದಿ. ಕರ್ಕೊಂಡ್ ಬಾ, ಓಗನ.’ ಯಾರಿಗೂ ಹೇಳದೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಬೇಡಿಕೊಳ್ಳದ ದೇವರಿಲ್ಲ.

ಗುಂಡ್ಲುಪೇಟೆಯ ಟಾಕೀಸಿನಲ್ಲಿ ಕೂತ ಕೂಡಲೇ ಮಗಳು ತುದಿಗೆ ಸರಿದು ಜಾಗ ಮಾಡಿದಳು. ಮಂಚ ಬಂತು. ನೀಲಿ ಮೂತಿ ಹೊರಗೆ ಬಂತು. ಅವಳ ತುಟಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ.

‘ನಾನ್ ವರಟ್ಟುಮಾ?’ ಎಂದಿತು ಪ್ರಾಣಿ.

ತಮಿಳು. ನನ್ನ ಗಂಡ ಪೋಸ್ಟರಿನ ಚಿತ್ರ ನೋಡಿದ್ದರೇ ಹೊರತು ಅಕ್ಷರ ನೋಡಿರಲಿಲ್ಲ. ಮಗಳ ತುಟಿ ಮುಚ್ಚಿತು. ಪರದೆ ನೋಡಿದಳು, ನನ್ನನ್ನು ನೋಡಿದಳು. ಎಂದೂ ನನ್ನನ್ನು ಏನೂ ಕೇಳದ ಮಗು ಅಂದು ಕಣ್ಣಿನಲ್ಲೇ ಕೇಳುತ್ತಿತ್ತು.

‘ತಮಿಳಾದ್ರೇನವ್ವ, ಪ್ರಾಣಿ ಅದೇ ಅಲ್ವ?’ ಎಂದರು ಗಂಡ. ಅವರ ದನಿ ಅಳುವಂತಿತ್ತು.

‘ಬರಲಾ ಅಂತಿದೆ ಕಣವ್ವ, ಹೇಳು,’ ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

ಇವತ್ತಿಗೂ ಫೋನಿನಲ್ಲಿ ಆ ಸಿನಿಮಾ ಹುಡುಕುತ್ತೇನೆ. ತಮಿಳಿದೆ, ತೆಲುಗಿದೆ, ಹಿಂದಿಯಿದೆ, ಕನ್ನಡ ಮಾತ್ರ ಇಲ್ಲ. ಅದಕ್ಕೆ ಕನ್ನಡದ ದನಿ ಕೊಟ್ಟವರು ಯಾರೋ, ಎಲ್ಲಿದ್ದಾರೋ. ನಾನು ಹೊತ್ತು ಹೆತ್ತು ಸಾಕಿದ ಮಗು, ಬಾ ಎಂದು ಕರೆದದ್ದು ಅದನ್ನು. ನನಗೆ ಆ ನೀಲಿ ಮೂತಿಯ ಮೇಲೆ ಹೊಟ್ಟೆಕಿಚ್ಚು, ಮುಚ್ಚುಮರೆ ಏಕೆ? ಅದು ಮತ್ತೊಂದು ಸಲ ಬಂದು ಕನ್ನಡದಲ್ಲಿ ಕೇಳುವುದಾದರೆ ಕಾಲಿಗೂ ಬೀಳುತ್ತೇನೆ.

ಅಂದು ಆಟ ಮುಗಿದ ಮೇಲೆ ಗಂಡ ಹೂವಿನ ಲೋಡಿಗೆ ಉಳಿದರು, ನಾವಿಬ್ಬರೇ ಚಾಮರಾಜನಗರದ ಬಸ್ಸು ಹತ್ತಿದೆವು. ಮಗಳು ಕಿಟಕಿಗೆ ಒತ್ತಿಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು. ನಾನು ಕೂರಲು ಹೋದೆ. ತಳ್ಳಿದಳು. ಮತ್ತೆ ಹೋದೆ, ಮತ್ತೆ ತಳ್ಳಿದಳು.

ಬಸ್ಸು ಗುಂಡ್ಲುಪೇಟೆ ದಾಟಿತು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು, ‘ಯಾಕ್ ನಿಂತಿದ್ದೀರಿ ಅಕ್ಕ? ಅಲ್ಲೇ ಜಾಗ ಅದಲ್ಲ, ಕುಂತ್ಕಳಿ,’ ಎಂದರು.

‘ಇಲ್ಲ, ಅಲ್ಲಿಗೆ ಒಬ್ಬರು ಬರುವವರಿದ್ದಾರೆ,’ ಎಂದೆ. ಕಂಬಿ ಹಿಡಿದು ಊರಿನವರೆಗೆ ನಿಂತೇ ಬಂದೆ.