ಸುಣ್ಣದ ಗೂಡಿನ ಹೆಂಗಸರು

ಮಾರಿಕಣಿವೆಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ನಾನು ಹಿರಿಯೂರು ಸೀಮೆಯ ಒಂದು ಮನೆಗೆ ಸೊಸೆಯಾಗಿ ಬಂದೆ. ಮಾವನವರು ಗುತ್ತಿಗೆದಾರರು. ಊರಾಚೆ ಗೂಡು ಹಾಕಿಸಿ, ಸುಣ್ಣ ಸುಡಿಸಿ, ಕಟ್ಟಡಗಳಿಗೆ ಗಾಡಿಯಲ್ಲಿ ಕಳಿಸುತ್ತಿದ್ದರು. ಸುಣ್ಣಕಲ್ಲು ಹೊರುವುದು, ಸುಟ್ಟದ್ದನ್ನು ನೀರು ಹಾಕಿ ಅರಳಿಸಿ ಜರಡಿ ಹಿಡಿಯುವುದು ಎಲ್ಲ ಹೆಂಗಸರ ಕೆಲಸ. ಸಂಜೆ ಅವರು ನಮ್ಮ ಮನೆಯ ಮುಂದೆ ಹಾದು ಹೋಗುವಾಗ ಹುಬ್ಬು, ರೆಪ್ಪೆ, ಕೂದಲೆಲ್ಲ ಬೆಳ್ಳಗಿದ್ದು, ಅವರಲ್ಲಿ ಮುದುಕಿ ಯಾರು, ಹುಡುಗಿ ಯಾರು ಎಂದು ತಿಳಿಯುತ್ತಿರಲಿಲ್ಲ.

ಒಂದು ಬೇಸಿಗೆ ಮಾವನವರು ಅವರ ಕೂಲಿ ನಿಲ್ಲಿಸಿದರು. ಸುಣ್ಣ ಸರಿಯಾಗಿ ಬೆಂದಿಲ್ಲವೆಂದು ಕೆಲವು ಗಾಡಿ ಹಿಂದಕ್ಕೆ ಬಂದಿದ್ದವು. ಆ ನಷ್ಟವನ್ನು ಹೆಂಗಸರ ತಲೆಗೆ ಕಟ್ಟಿದರು. ಸೌದೆ ಉಳಿಸಲು ಹೋಗಿ ಗೂಡಿನ ಉರಿ ತಗ್ಗಿಸಿದ್ದು ಮಾವನವರೇ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಹೆಂಗಸರು ಬಂದು ನಮ್ಮ ಜಗಲಿಯ ಕೆಳಗೆ ಕುಳಿತರು. ಅವರ ಪರವಾಗಿ ಮಾತಾಡಿದವಳು ಒಬ್ಬ ವಿಧವೆ.

"ನಮ್ ಕೂಲಿ ಕೊಡ್ರಿ ಯಜಮಾನ್ರೆ, ಎದ್ದೋಗ್ತೀವಿ."

"ಸುಣ್ಣ ಕೆಡ್ಸಿ ಕೂಲಿ ಬೇರೆ ಕೇಳ್ತೀರಾ?"

"ಕೆಡ್ಸಿದ್ದು ನಾವಲ್ರಿ. ನೀವ್ ಕೊಟ್ಟ ಸೌದೆ ಎಷ್ಟೋ ಅಷ್ಟೇ ಬೆಂದೈತೆ."

ಮಾವನವರು ಬಾಗಿಲು ತೆರೆದಿಟ್ಟುಕೊಂಡೇ ಊಟಕ್ಕೆ ಕುಳಿತರು. ಬಡಿಸುತ್ತಿದ್ದವಳು ನಾನು. ಮುದ್ದೆಯ ಮೇಲೆ ತುಪ್ಪ ಹಾಕುವಾಗ ಹೊರಗಿನ ಕಣ್ಣುಗಳೆಲ್ಲ ನನ್ನ ಕೈಯ ಮೇಲಿದ್ದವು. ಬಾಗಿಲು ಮುಂದೆ ಮಾಡಲು ಹೋದೆ. "ಇರ್ಲಿ ಬಿಡು, ನೋಡ್ಲಿ" ಎಂದರು.

ಹೊತ್ತು ಮುಳುಗಿದ ಮೇಲೆ ಅವರು ಎದ್ದು ಹೋದರು. ಅಲ್ಲಿಗೆ ಮುಗಿಯಿತೆಂದು ಮಾವನವರು ನಕ್ಕರು. ಆದರೆ ಆ ವಿಧವೆ ದುರ್ಗಕ್ಕೆ ನಡೆದು ಹೋಗಿ ಒಬ್ಬ ವಕೀಲರನ್ನು ಕಂಡಿದ್ದಳು. ಸ್ವಲ್ಪ ದಿನಕ್ಕೆ ಕೋರ್ಟಿನ ಜವಾನ ಬಂದು ನಮ್ಮ ಬಾಗಿಲಿಗೆ ಸಮನ್ಸು ಅಂಟಿಸಿದ. ಬೀದಿಯವರೆಲ್ಲ ಬಂದು ನಿಂತು ನೋಡಿದರು. ಅತ್ತೆ ಒಳಗೆ ಕುಳಿತು ಅತ್ತರು.

ಮಾವನವರು ನನ್ನನ್ನು ಕರೆದರು. "ಕೂಲಿಗೆ ಬದ್ಲು ರಾಗಿ ಕೊಟ್ಟಾಗೈತೆ ಅಂತ ಕೋರ್ಟಿಗೆ ಬರೆಸೀನಿ. ಅಳೆದೋಳು ನೀನು. ಹೌದು ಅಂದುಬಿಡು, ಸಾಕು."

ನಾನು ರಾಗಿ ಅಳೆದದ್ದು ಸುಳ್ಳಲ್ಲ. ಯುಗಾದಿಗೆ ಮುಂಚೆ ಆ ಹೆಂಗಸರು ನಮ್ಮ ಮನೆಯ ಗೋಡೆಗಳಿಗೆ ಸುಣ್ಣ ಬಳಿದಿದ್ದರು. ಅದಕ್ಕೆಂದು ಅತ್ತೆ ಹೇಳಿದಂತೆ ಅವರ ಮಡಿಲಿಗೆ ರಾಗಿ ಹಾಕಿದ್ದೆ. ಗಂಡನ ಮುಖ ನೋಡಿದೆ. ಅವರು ನೆಲ ನೋಡುತ್ತಾ, "ಅಪ್ಪ ಹೇಳ್ದಂಗೆ ಹೇಳ್ಬಿಡೆ" ಎಂದರು.

ಕೋರ್ಟಿನಲ್ಲಿ ನನ್ನನ್ನು ನಿಲ್ಲಿಸಿದಾಗ ಸೆರಗಿನೊಳಗೇ ಬೆವೆತೆ. ನಮ್ಮ ಮನೆತನದ ಹೆಂಗಸು ಅಷ್ಟು ಜನ ಗಂಡಸರೆದುರು ನಿಂತದ್ದೇ ಇಲ್ಲ. ಕೊರಳ ಲಿಂಗವನ್ನು ಹಿಡಿದು ಪ್ರಮಾಣ ಮಾಡಿದೆ. ಹೆಂಗಸರ ವಕೀಲರು ವಯಸ್ಸಾದವರು, ಮೆಲ್ಲಗೆ ಕೇಳಿದರು.

"ಇವರಿಗೆ ರಾಗಿ ಅಳೆದಿರೇನಮ್ಮ?"

"ಅಳೆದೆ."

ಮಾವನವರು ನೆಮ್ಮದಿಯಿಂದ ಶಲ್ಯ ಸರಿಮಾಡಿಕೊಂಡರು.

"ಯಾವ ಕೆಲಸಕ್ಕೆ?"

ಹೆಂಗಸರು ಬಾಗಿಲ ಬಳಿ ಒತ್ತಿಕೊಂಡು ನಿಂತಿದ್ದರು. ಅವರು ನನ್ನನ್ನು ಬೇಡುವ ಹಾಗೆ ನೋಡಲಿಲ್ಲ. ನಾನು ಏನು ಹೇಳುತ್ತೇನೆಂದು ಮೊದಲೇ ತಿಳಿದವರಂತೆ, ಆಸೆ ಬಿಟ್ಟು ನಿಂತಿದ್ದರು.

"ಹಬ್ಬಕ್ಕೆ ನಮ್ಮನೆ ಗೋಡೆಗೆ ಸುಣ್ಣ ಬಳ್ದಿದ್ರು. ಅದಕ್ಕೆ."

"ಗೂಡಿನ ಕೆಲಸಕ್ಕೆ?"

"ಅದಕ್ಕೇನೂ ಕೊಟ್ಟಿಲ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಿಜ ಹೇಳಿದೆನೆಂಬ ಸಮಾಧಾನ ನನಗಾಗಲಿಲ್ಲ. ತುಂಬಿದ ಸಭೆಯಲ್ಲಿ ನಮ್ಮ ಮನೆಯ ಹೊಲಸನ್ನು ನನ್ನ ಕೈಯಿಂದಲೇ ಎತ್ತಿ ತೋರಿಸಿದಂತಾಗಿ ನಾಚಿಕೆಯಿಂದ ಭೂಮಿಗಿಳಿದುಹೋದೆ.

ಬಾಯಿಮಾತಿನ ಕರಾರೂ ಕರಾರೇ, ತಪ್ಪು ಕೂಲಿಯವರದೆಂದು ತೋರಿಸದೆ ಮಾಡಿಸಿಕೊಂಡ ಕೆಲಸದ ಕೂಲಿ ತಡೆಹಿಡಿಯಲು ಯಜಮಾನನಿಗೆ ಹಕ್ಕಿಲ್ಲ ಎಂದು ಮುನ್ಸೀಫರು ತೀರ್ಪು ಕೊಟ್ಟರು. ಕೋರ್ಟಿನ ಖರ್ಚೂ ಮಾವನವರ ಮೇಲೆಯೇ ಬಿತ್ತು.

ಹಿಂತಿರುಗುವಾಗ ನಮ್ಮ ಗಾಡಿ ಹಿರಿಯೂರು ರಸ್ತೆಯಲ್ಲಿ ಅವರನ್ನು ಹಿಂದೆ ಹಾಕಿತು. ಸುಡುಬಿಸಿಲಲ್ಲಿ ನಡೆಯುತ್ತಿದ್ದರು. ಗೆದ್ದವರು ಅವರು. ಆದರೂ ನಮ್ಮ ಗಾಡಿಯ ಗಂಟೆ ಕೇಳಿದ ಕೂಡಲೇ ಜಾಲಿಮುಳ್ಳಿನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ವಿಧವೆ ನನಗೆ ಕೈಮುಗಿದಳು. ಮಾವನವರೆದುರು ತಿರುಗಿ ಕೈಮುಗಿಯುವ ಧೈರ್ಯ ನನಗೆ ಬರಲಿಲ್ಲ. ಕೋರ್ಟಿನಲ್ಲಿ ಬಾಯಿ ಬಂದವಳಿಗೆ ಗಾಡಿಯಲ್ಲಿ ಕೈ ಏಳಲಿಲ್ಲ.

ಮಾವನವರು ಕೂಲಿಯನ್ನು ಕೋರ್ಟಿಗೇ ಕಟ್ಟಿದರು. ನನ್ನನ್ನು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಸಾಯುವವರೆಗೂ ನನ್ನ ಕೈಯಿಂದ ನೀರು ಮುಟ್ಟಲಿಲ್ಲ. ಅತ್ತೆ ಮಾತ್ರ ಒಂದು ದಿನ ನನ್ನ ತಲೆ ಬಾಚುತ್ತಾ, "ನಾನಾಗಿದ್ರೆ ಹೌದು ಅಂತಿದ್ದೆ ಕಣವ್ವ" ಎಂದು ನಿಟ್ಟುಸಿರು ಬಿಟ್ಟರು. ಅದು ಆಕ್ಷೇಪಣೆಯೋ, ತಮ್ಮ ಮೇಲಿನ ಬೇಸರವೋ ಎಂದು ಕೇಳಲಿಲ್ಲ.

ಹೆಂಗಸರು ಬೇರೆ ಗೂಡಿಗೆ ಹೋದರು. ಕೋರ್ಟಿಗೆ ಹೋದವರೆಂದು ಅಲ್ಲಿಯೂ ಮೊದಮೊದಲು ಅವರನ್ನು ಸೇರಿಸಲಿಲ್ಲವಂತೆ. ಒಮ್ಮೆ ಹಿರಿಯೂರು ಸಂತೆಯಲ್ಲಿ ಆ ವಿಧವೆ ಎದುರಾದಳು.

"ಚೆನ್ನಾಗಿದೀರೇನ್ರವ್ವ? ನಮ್ಮಿಂದ ನಿಮ್ಗೆ ತೊಂದ್ರೆ ಆತು."

ತೊಂದರೆ ಕೊಟ್ಟವರು ನಾವು. ಕ್ಷಮೆ ಕೇಳುತ್ತಿದ್ದವಳು ಅವಳು. "ಇಲ್ಲ" ಎಂದಷ್ಟೇ ಹೇಳಿ, ಕೊಳ್ಳಬೇಕಾದ ಮೆಣಸಿನಕಾಯನ್ನೂ ಕೊಳ್ಳದೆ ಮನೆಯ ದಾರಿ ಹಿಡಿದೆ.