ಕತ್ತೆಯ ರೀಲಿಗೆ ಗಾಳೆಮ್ಮನ ಮಾತು

ಕೊಟ್ಟೂರಿನ ಗಾಳೆಮ್ಮನನ್ನು ಯಾರಾದರೂ ಏನು ಕೆಲಸ ಮಾಡುತ್ತೀ ಎಂದು ಕೇಳಿದರೆ, 'ಒಂದು ಕತ್ತಿ ಐತಿ, ಅದಕ್ಕ ಬಾಯಿಲ್ಲ, ನಾನು ಮಾತಾಡ್ತೀನಿ' ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು; ಕತ್ತೆ ಇದ್ದದ್ದು ಒಂದು ಸಿನಿಮಾ ರೀಲಿನಲ್ಲಿ. ಅವಳ ಗಂಡ ಪಕ್ಕೀರಪ್ಪ ಟೂರಿಂಗ್ ಟಾಕೀಸಿನಲ್ಲಿ ಮಷೀನು ನಡೆಸುತ್ತಿದ್ದವನು. ಟೆಂಟು ಎತ್ತಿದಾಗ ಮಾಲೀಕರು ಒಂದು ಸಣ್ಣ ಮಷೀನು, ಅದರ ಜೊತೆಗೆ ಯಾರಿಗೂ ಬೇಡವಾಗಿದ್ದ ಒಂದು ರೀಲು ಅವನಿಗೆ ಕೊಟ್ಟು ಹೋಗಿದ್ದರು. ಅದು ಬಹಳ ಹಳೆಯ ಕಾಲದ, ಶಬ್ದವಿಲ್ಲದ, ಕಪ್ಪು ಬಿಳುಪಿನ ಗೆರೆಚಿತ್ರಗಳ ಕಾರ್ಟೂನು. ಹೆಸರು ಬರೆದಿದ್ದ ತುಂಡು ಹರಿದುಹೋಗಿ ಎಷ್ಟೋ ಕಾಲವಾಗಿತ್ತು. ಹತ್ತು ನಿಮಿಷವೂ ಓಡುತ್ತಿರಲಿಲ್ಲ.

ಆ ಹತ್ತು ನಿಮಿಷವನ್ನೇ ಹೊತ್ತುಕೊಂಡು ಗಂಡ ಹೆಂಡತಿ ಶನಿವಾರದ ಬೆಳಗಿನ ಶಾಲೆಗಳಿಗೆ ಹೋಗುತ್ತಿದ್ದರು. ಒಂದು ವಾರ ಕೂಡ್ಲಿಗಿ ಕಡೆ, ಒಂದು ವಾರ ಹಗರಿಬೊಮ್ಮನಹಳ್ಳಿ ಕಡೆ, ಬಸ್ಸು ಸಿಕ್ಕರೆ ಹೊಳಲಿನ ತನಕ. ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟು, ಪಕ್ಕೀರಪ್ಪ ಮಷೀನು ಹಚ್ಚುತ್ತಿದ್ದ. ಗಾಳೆಮ್ಮ ಪಂಚೆಯ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದಳು.

ಚಿತ್ರದಲ್ಲಿ ಮೊದಲಿಗೆ ಬಾಲವಿಲ್ಲದ ಕತ್ತೆಯೊಂದು ಬಾವಿಯಿಂದ ನೀರು ಸೇದಿ ಸೇದಿ ಕುಡಿಯುತ್ತದೆ. ಹೊಟ್ಟೆ ಗುಡಾಣವಾಗುತ್ತದೆ. ಕಾಲು ನೆಲ ಬಿಟ್ಟು ಮೇಲಕ್ಕೆ ತೇಲುತ್ತದೆ. ಹದ್ದೊಂದು ಕುಕ್ಕಿದರೆ ಹೊಟ್ಟೆ ಒಡೆದು ಊರಿಗೆಲ್ಲ ಮಳೆ. ಆಮೇಲೆ ಬಾಲವಿರುವ ಕತ್ತೆ ಬಾಯಾರಿ ನಡೆಯುತ್ತ ಬರುತ್ತದೆ. ಖಾಲಿ ಕೊಡ ಸಿಗುತ್ತದೆ. ಕೊಡದ ಬಾಯಿಯ ಗೆರೆಯನ್ನೇ ಬಳೆಯಂತೆ ಕಳಚಿ ನೆಲಕ್ಕಿಟ್ಟರೆ ಅದೇ ಬಾವಿ. ಹಗ್ಗ ಬೇಕಲ್ಲ, ತನ್ನ ಬಾಲ ಕಿತ್ತುಕೊಳ್ಳುತ್ತದೆ. ಅಲ್ಲಿಗೆ ರೀಲು ಮುಗಿಯುತ್ತದೆ.

ಗಾಳೆಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಕಥೆ ಕಟ್ಟಲು ಅದು ಅಡ್ಡ ಬರಲಿಲ್ಲ. ಈ ಕತ್ತೆ ಮೊದಲು ದುರಾಸೆಯದು, ಊರವರಿಗೆ ಒಂದು ಚೊಂಬು ಬಿಡದೆ ಕುಡಿಯಿತು, ಸತ್ತಿತು. ಮತ್ತೆ ಹುಟ್ಟಿ ಬಂದು, ಊರಿಗೆ ಬಾವಿ ತೋಡಿ, ಹಗ್ಗಕ್ಕೆಂದು ಬಾಲವನ್ನೇ ಕೊಟ್ಟು ಋಣ ತೀರಿಸಿತು. ಹದಿನಾಲ್ಕು ವರ್ಷ ಇದನ್ನೇ ಹೇಳಿದಳು. ಹೆಣ್ಣುಮಕ್ಕಳು ಕಣ್ಣು ಒರೆಸಿಕೊಳ್ಳುವುದನ್ನೂ ಕಂಡಿದ್ದಳು.

ಚಿತ್ರದ ಕುಂದುಗಳೆಲ್ಲ ಅವಳಿಗೆ ಬಾಯಿಪಾಠ. ಕತ್ತೆಗೆ ಇರುವುದು ಒಂದೇ ಮುಖ. ಬಾಯಾರಿದರೂ ಅದೇ, ಹೊಟ್ಟೆ ಒಡೆದರೂ ಅದೇ. ನಡೆಯುವಾಗ ನಾಲ್ಕೇ ಹೆಜ್ಜೆ, ಅವನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಾರೆ. ಹಿಂದಿನ ಗುಡ್ಡವೂ ಒಂದೇ, ಎಂಟು ಸಲ ಬಂದು ಹೋಗುತ್ತದೆ. ಗೆರೆಗಳು ಜ್ವರ ಬಂದಂತೆ ನಡುಗುತ್ತವೆ. ಹೀಗಿದ್ದರೂ ಕೊಡದ ಬಾಯಿ ಬಾವಿಯಾಗುವ ಆ ಒಂದು ಗಳಿಗೆಗೆ ನೂರು ಮಕ್ಕಳು ಒಟ್ಟಿಗೆ 'ಹೋ' ಎನ್ನುತ್ತಿದ್ದರು. ಟೀವಿಯಲ್ಲಿ ಬಣ್ಣದ ಚಿತ್ರ ನೋಡುವ ಮಕ್ಕಳೂ ಎನ್ನುತ್ತಿದ್ದರು.

ತೊಂಬತ್ತೇಳರಲ್ಲಿ ಹೊಸಹಳ್ಳಿ ಶಾಲೆಗೆ ಹರಪನಹಳ್ಳಿಯಿಂದ ಗೀತಾಂಜಲಿ ಎಂಬ ಹೊಸ ಟೀಚರು ಬಂದಿದ್ದಳು. ಆಟ ಮುಗಿದ ಮೇಲೆ ರೀಲನ್ನು ಮುಟ್ಟಿ ನೋಡಬಹುದಾ ಎಂದಳು. ಕಂಬಳಿ ಸರಿಸಿ ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಚಿತ್ರ ನೋಡುತ್ತ ಹೋದಳು. ನಡುವೆ ಅಂಟು ಹಾಕಿದ ಜಾಗದಲ್ಲಿ ಅವಳ ಕೈ ನಿಂತಿತು.

"ಯಜಮಾನ್ರ, ಇದನ್ನ ಯಾರು ಜೋಡಿಸಿದ್ದು?"

"ನಾನ ಟೀಚರ. ಚಿಗಟೇರಿ ಕ್ಯಾಂಪಿನಾಗ ಪಟ್ ಅಂತ ಹರೀತು. ಎರಡು ಸುರುಳಿ ಆಗಿತ್ತು. ಜನ ಸೀಟಿ ಹೊಡಿಯಾಕ ಹತ್ತಿದ್ರು, ಗಡಿಬಿಡಿಯಾಗ ಅಂಟಿಸೀನಿ."

"ಹಿಂದಿಂದು ಮುಂದಕ್ಕೆ ಬಂದೈತಿ ನೋಡ್ರಿ. ಬಾಲ ಕಿತ್ತು ಹಗ್ಗ ಮಾಡಿದ್ಮೇಲೆ ತಾನೆ ಕತ್ತೆಗೆ ಬಾಲ ಇರಬಾರದು? ನೀರು ಸೇದೋ ಹಗ್ಗ ಆ ಬಾಲಾನೇ. ತುದಿಗೆ ಕೂದಲ ಗೊಂಡೆ ಐತಿ."

ಪಕ್ಕೀರಪ್ಪ ಕನ್ನಡಕ ಏರಿಸಿ ನೋಡಿದ. ಗೊಂಡೆ ಇತ್ತು. ಮಾತಿನ ಚಿತ್ರವಾಗಿದ್ದರೆ ಅಂದೇ ಕಿವಿಗೆ ಸಿಕ್ಕಿಬೀಳುತ್ತಿತ್ತು. ಇದು ಮೂಕ, ತಪ್ಪನ್ನೂ ಮುಚ್ಚಿಟ್ಟುಕೊಂಡಿತ್ತು.

ಮರಳುವಾಗ ಬಸ್ಸಿನಲ್ಲಿ ಅವನು ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಊರು ಹತ್ತಿರ ಬಂದಾಗ ಹೇಳಿದ: "ನಾಳಿ ಬಿಚ್ಚಿ ಸರಿ ಮಾಡ್ತೀನಿ."

"ಮಾಡ್ರಿ. ನನ್ನ ಕಥಿ ಏನು ಮಾಡ್ತೀರಿ? ಅದಕ್ಕೂ ಅಂಟು ಹಚ್ಚೀರೇನು?"

"ಆಪರೇಟರ್ ಅನ್ನಿಸಿಕೊಂಡಾಂವ ನಾನು. ತಲಿ ಕೆಳಗ ಮಾಡಿ ಹದಿನಾಲ್ಕು ವರ್ಷ ತೋರ್ಸೀನಲ್ಲಲೇ."

"ನೀವು ತಲಿ ಕೆಳಗ ಮಾಡಿದ್ದಕ್ಕ ನನಗೊಂದು ಕೆಲಸ ಸಿಕ್ಕಿತ್ತು. ಸರಿ ಮಾಡಿದ್ರ ಹುಡುಗ್ರಿಗೆ ತಾವ ತಿಳೀತೈತಿ. ಆಮ್ಯಾಲ ನಾನು ಯಾಕ ಬರ್ಬೇಕು? ಕಂಬಳಿ ಕಟ್ಟಾಕೇನು?"

ಮರುದಿನ ಅವನು ಅಂಗಳದಲ್ಲಿ ಕೂತು, ಹಳೆಯ ಅಂಟು ಕತ್ತರಿಸಿ, ಬ್ಲೇಡಿನಿಂದ ಕೆರೆದು, ತುಂಡುಗಳನ್ನು ಅದಲು ಬದಲು ಮಾಡಿ ಜೋಡಿಸಿದ. ಗಾಳೆಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ದಿನ ಬಡಿತ ಸ್ವಲ್ಪ ಜೋರಾಗಿಯೇ ಕೇಳುತ್ತಿತ್ತು.

ಮುಂದಿನ ಶನಿವಾರ ಗೀತಾಂಜಲಿ ಮತ್ತೆ ಕರೆಸಿದಳು. ಅದೇ ಮಕ್ಕಳು, ಅದೇ ಕೋಣೆ. ಗಾಳೆಮ್ಮ ಈ ಸಲ ಪಂಚೆಯ ಪಕ್ಕಕ್ಕೆ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ, ಬೊಮ್ಮಮ್ಮ ಎಂಬ ಚಿಕ್ಕ ಹುಡುಗಿಯ ಪಕ್ಕ, ಚಾಪೆಯ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಅವಳು ಚಿತ್ರವನ್ನು ಎದುರಿನಿಂದ ನೋಡಿದ್ದೇ ಇಲ್ಲ. ಯಾವಾಗಲೂ ಓರೆಯಿಂದ, ಅದೂ ಮಕ್ಕಳ ಮುಖದ ಕಡೆ ಕಣ್ಣಿಟ್ಟು.

ಕತ್ತೆ ನಡೆಯತೊಡಗಿತು. ಗುಡ್ಡ ಬಂತು, ಹೋಯಿತು. ಮತ್ತೆ ಬಂತು.

"ಅದ ಗುಡ್ಡ ಬಂತಲೇ," ಎಂದಳು ಬೊಮ್ಮಮ್ಮ. ಇನ್ನೊಬ್ಬ, "ಕತ್ತಿ ಅಲ್ಲೇ ನಿಂತೈತಿ, ಗುಡ್ಡಾನ ಓಡ್ತೈತಿ" ಎಂದ. ನಾಲ್ಕನೆಯ ಸಲಕ್ಕೆ ಹಿಂದಿನವರು ಒಬ್ಬರನ್ನೊಬ್ಬರು ನೂಕತೊಡಗಿದರು. ಯಾರೋ ಕಂಬಳಿಯ ಸಂದಿಯಿಂದ ಹೊರಗೆ ನೋಡಿದರು. ಪಕ್ಕೀರಪ್ಪ ಮಷೀನಿನ ಹಿಂದಿನಿಂದ ಹೆಂಡತಿಯತ್ತ ನೋಡಿದ. ಆಟ ಅಲ್ಲಿಯೇ ಕೆಡುವುದರಲ್ಲಿತ್ತು.

ಗಾಳೆಮ್ಮ ಕೂತಲ್ಲಿಂದಲೇ ದನಿ ಎತ್ತಿದಳು. "ಗುಡ್ಡ ಎಲ್ಲಿ ಓಡ್ತೈತಪಾ. ಬಾಯಾರಿದವ್ರಿಗೆ ದಾರಿ ಹಂಗ ಕಾಣ್ತೈತಿ. ಬ್ಯಾಸಿಗಿಯಾಗ ಬರಿಗಾಲಿಲೆ ಬಾಚಿಗೊಂಡನಹಳ್ಳಿತನ ನಡದು ನೋಡ್ರಿ, ಎಷ್ಟು ನಡದ್ರೂ ಅದ ಗುಡ್ಡ, ಅದ ಜಾಲಿ ಗಿಡ. ಎಣಸ್ರಿ, ಇದು ಎಷ್ಟನೇದು?"

"ಆರು!" ಎಂದರು ಮಕ್ಕಳು.

"ಇನ್ನೆಷ್ಟು ಬರ್ತಾವ ನೋಡೂನು."

ಏಳು, ಎಂಟು. ಕೊಡ ಸಿಕ್ಕಿತು. ಅಲ್ಲಿಂದ ಮುಂದೆ ಅವಳು ಬಾಯಿ ತೆರೆಯಲಿಲ್ಲ, ತೆರೆಯಬೇಕಾಗಲೂ ಇಲ್ಲ. ಕೊಡದ ಬಾಯಿ ಬಾವಿಯಾಯಿತು, ಬಾಲ ಹಗ್ಗವಾಯಿತು, ಹೊಟ್ಟೆ ಉಬ್ಬಿತು. ಕತ್ತೆ ಮೇಲೇರಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ತಾನು ದುರಾಸೆಯ ಕಥೆ ಹೇಳಿ ಹೇಳಿ ಈ ನಗುವನ್ನು ಇಷ್ಟು ವರ್ಷ ತಡೆದಿದ್ದೆನಲ್ಲ ಎಂದು ಗಾಳೆಮ್ಮನಿಗೆ ಅನ್ನಿಸಿತು. ಕೊನೆಗೆ ಮಳೆ ಸುರಿದಾಗ ಬೊಮ್ಮಮ್ಮ ಅವಳ ಸೆರಗು ಹಿಡಿದುಕೊಂಡಿದ್ದಳು. ಆ ಒಂದೇ ಮುಖದ ಕತ್ತೆ ಗಾಳೆಮ್ಮನಿಗೂ ನಗು ತರಿಸಿತು.

ಕಂಬಳಿ ಮಡಚುವಾಗ ಪಕ್ಕೀರಪ್ಪ ಮೆಲ್ಲಗೆ ಕೇಳಿದ: "ಮೊದ್ಲಿನಂಗ ಜೋಡಿಸ್ಲೇನು? ಒಂದು ತಾಸಿನ ಕೆಲಸ."

"ಬ್ಯಾಡ. ಬಾವಿ ಹತ್ರ ನಾನು ಬ್ಯಾಡ, ಕತ್ತಿ ಹಾರುವಾಗಲೂ ಬ್ಯಾಡ. ಆ ಗುಡ್ಡದ ಹತ್ರ ಮಾತ್ರ ನಾನು ಇಲ್ಲದ ನಿಮ್ಮ ರೀಲು ದಾಟಂಗಿಲ್ಲ."

"ಅದು ಖರೇ," ಎಂದ ಪಕ್ಕೀರಪ್ಪ.

ಎರಡು ಸಾವಿರದ ಮೂರರಲ್ಲಿ ಮಷೀನಿನ ಬಲ್ಬು ಸುಟ್ಟುಹೋಗಿ, ಬೇರೆ ಬಲ್ಬು ಎಲ್ಲಿಯೂ ಸಿಗದೆ ಆಟ ನಿಂತಿತು. ಅಲ್ಲಿಯತನಕ ಆರು ವರ್ಷ ಗಾಳೆಮ್ಮ ಪ್ರತಿ ಶನಿವಾರ ಮಕ್ಕಳ ನಡುವೆ ಕೂತು, ಎಂಟು ಗುಡ್ಡ ದಾಟುವ ತನಕ ಮಾತಾಡಿದಳು. ಯಾವ ಊರಿಗೆ ಹೋದರೆ ಆ ಊರಿನ ದಾರಿಯ ಹೆಸರು ಹಾಕಿ ಹೇಳುತ್ತಿದ್ದಳು. ಕೊಡ ಸಿಕ್ಕ ಕೂಡಲೆ ಸುಮ್ಮನಾಗಿ ತಾನೂ ನೋಡುತ್ತಿದ್ದಳು.