ಎಳೆತದ ಹಲ್ಲು, ಓಟದ ಹಲ್ಲು

ಹನ್ನೊಂದು ಸಾವಿರ ಕೊಟ್ಟೆ. ಎಂಟಕ್ಕೆ ಮುಗಿಯಬೇಕಾದ ವ್ಯಾಪಾರ ಅದು. ಮೀನು ಬಂದಿಳಿಯುವ ದಕ್ಕೆಯ ಹರಾಜಿನಲ್ಲಿ ಅಂಜಲ್ ಮೀನಿನ ಕಿವಿರು ಎತ್ತಿ ನೋಡಿ ಬೆಲೆ ಮುರಿದು, ಹೋಟೆಲುಗಳಿಗೆ ಮೀನು ಹಾಕುತ್ತಾ ನನ್ನ ಕಾಲ ಮೇಲೆ ನಿಂತವಳು ನಾನು. ಹೇಳಿದ ಬೆಲೆಗೆ ಹೂಂ ಅಂದವಳಲ್ಲ. ಆದರೆ ಆ ದಿನ ಗುಜರಿಯವನು ಹಳೇ ಅಂಬಾಸಿಡರಿನ ಹಿಂದಿನ ಆಕ್ಸಲಿನ ಮುಚ್ಚಳ ಬಿಚ್ಚಿದ. ಒಳಗಿನಿಂದ ಗೇರ್ ಎಣ್ಣೆಯ ವಾಸನೆ ಎದ್ದು ಬಂತು. ಗಂಧಕದ ಹಾಗೆ, ಕರಟಿದ ಬೆಳ್ಳುಳ್ಳಿಯ ಹಾಗೆ, ಮೂಗಿಗಿಂತ ಮೊದಲು ಗಂಟಲಿಗೆ ಹಿಡಿಯುವ ವಾಸನೆ. ಆ ವಾಸನೆಯ ಮುಂದೆ ಚೌಕಾಸಿ ಮಾಡುವುದೇ ನನಗೆ ಮರೆತುಹೋಯಿತು. ಅವನು ನನ್ನ ಮುಖ ಒಮ್ಮೆ ನೋಡಿದ, ಆಮೇಲೆ ಒಂದು ರೂಪಾಯಿಯೂ ಇಳಿಸಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಇಳಿಸುತ್ತಿರಲಿಲ್ಲ.

ಜೆಪ್ಪುವಿನ ನಮ್ಮ ಮನೆಯ ಅಂಗಳಕ್ಕೆ ಇದೇ ವಾಸನೆ ಇತ್ತು. ಅದರ ಜೊತೆಗೆ ಐಸು ಕರಗಿದ ನೀರು, ಬಂಗುಡೆ ಮೀನಿನ ಹಸಿವಾಸನೆ, ಒದ್ದೆ ಗೋಣಿ. ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಅಮ್ಮನ ಅಣ್ಣ ವಾಸು ಮಾಮ, ಅವರ ಹೆಂಡತಿ ಮಾಮಿ. ಮಾಮನ ಹಿರಿಯರು ಕಡಲಿಗೆ ಹೋದವರು. ಮಾಮ ಮಾತ್ರ ಕಡಲಿಗೆ ಬೆನ್ನು ಹಾಕಿ ಗುಡ್ಡೆಯ ಕಡೆಗೆ ಹೊರಟವರು. ತಮ್ಮ ಅಂಬಾಸಿಡರಿನ ಹಿಂದಿನ ಸೀಟು ಕಿತ್ತು, ಮೀನಿನ ಬುಟ್ಟಿಗಳನ್ನು ಮಾಡಿನವರೆಗೆ ಒಟ್ಟಿ, ಬೆಳಕು ಹರಿಯುವ ಮೊದಲೇ ದಕ್ಕೆ ಬಿಟ್ಟು, ವಾಮಂಜೂರು ದಾಟಿ ಗುರುಪುರದ ಆಚೆಯ ಏರುಗಳನ್ನು ಹತ್ತುತ್ತಿದ್ದರು. ಆ ಭಾರಕ್ಕೆಂದೇ ಕಾರಿಗೆ ಎಳೆತದ ಹಲ್ಲು ಹಾಕಿಸಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹಿಂದಿನ ಆಕ್ಸಲಿನ ನಡುವಿನ ಗುಂಡಿನೊಳಗೆ ಎರಡು ಹಲ್ಲಿನ ಚಕ್ರಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಸಣ್ಣದು ಪಿನಿಯನ್, ದೊಡ್ಡದು ಕ್ರೌನ್. ಸಣ್ಣದಕ್ಕೆ ಎಂಟು, ದೊಡ್ಡದಕ್ಕೆ ಮೂವತ್ತೊಂಬತ್ತು ಹಲ್ಲಿದ್ದರೆ ಕಾರು ಎಂತಹ ಏರನ್ನೂ ಕೋಣನ ಹಾಗೆ ಎಳೆದು ಹತ್ತುತ್ತದೆ, ಸಮತಟ್ಟಿನಲ್ಲಿ ಮಾತ್ರ ಅರಚುತ್ತದೆಯೇ ಹೊರತು ಓಡುವುದಿಲ್ಲ. ಹತ್ತು–ನಲವತ್ತಮೂರು ಆದರೆ ಹೆದ್ದಾರಿಯಲ್ಲಿ ಹಾಯಾಗಿ ಓಡುತ್ತದೆ, ಭಾರ ಹೊತ್ತು ಏರು ಸಿಕ್ಕಿದಾಗ ಏದುಸಿರು ಬಿಡುತ್ತದೆ. ಎರಡೂ ಒಟ್ಟಿಗೆ ಬೇಕೆಂದರೆ ಅಂತಹ ಹಲ್ಲು ಯಾವ ಅಂಗಡಿಯಲ್ಲೂ ಇಲ್ಲ.

ಮಾಮಿಗೆ ಈ ಕಾರು ಒಂದು ತಮಾಷೆಯಾಗಿತ್ತು. ನಮ್ಮ ಮನೆಯ ಮಾತೆಲ್ಲ ತುಳು. ಇಲ್ಲಿ ಕನ್ನಡದಲ್ಲಿ ಬರೆದರೆ ಅವಳ ನಗು ಅರ್ಧ ಸೋರಿಹೋಗುತ್ತದೆ. "ನಿಮ್ಮ ಕಾರಿಗೆ ನಡೆಯಲಿಕ್ಕೆ ಗೊತ್ತುಂಟು, ಓಡಲಿಕ್ಕೆ ಯಾರೂ ಕಲಿಸಲಿಲ್ಲ ಅಲ್ವಾ?" ಎನ್ನುತ್ತಿದ್ದಳು. ಮಾಮ ಕೈ ಒರೆಸಿಕೊಳ್ಳುತ್ತಾ, "ಗುಡ್ಡೆ ಹತ್ತುವಾಗ ಮಾತಾಡು ನೀನು" ಎಂದು ಒಳಗೆ ಹೋಗುತ್ತಿದ್ದರು. ಮೀನು ಮಾರಿ ಮರಳುವಾಗ ಜೆಪ್ಪುವಿನ ಇಳಿಜಾರಿನ ತಲೆಯಲ್ಲಿ ಮಾಮ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆ ಹಲ್ಲುಗಳಿಂದ ಒಂದು ಕೂಗು ಏಳುತ್ತಿತ್ತು. ಸಣ್ಣಗೆ, ಉದ್ದಕ್ಕೆ, ದೂರದಲ್ಲಿ ಯಾರೋ ಶಂಖವನ್ನು ಊದಲಾರದೆ ಊದಿದ ಹಾಗೆ. ಅದು ಕೇಳಿಸಿದ ಕೂಡಲೇ ಅಜ್ಜಿ ಕಾವಲಿಗೆ ತೆಂಗಿನೆಣ್ಣೆ ಬಿಡುತ್ತಿದ್ದಳು, ಅಮ್ಮ ಗಂಜಿ ಬಡಿಸುತ್ತಿದ್ದಳು, ಮಾಮಿ ಕನ್ನಡಿಯ ಮುಂದೆ ಒಂದು ಗಳಿಗೆ ನಿಂತು ಜಗಲಿಗೆ ಬರುತ್ತಿದ್ದಳು. ಕಾರು ಅಂಗಳಕ್ಕೆ ಬರುವಷ್ಟರಲ್ಲಿ ಬಂಗುಡೆ ಒಂದು ಮಗ್ಗುಲು ಬೆಂದಿರುತ್ತಿತ್ತು. ನಮ್ಮ ಮನೆಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ಮಾಮಿಯ ತವರು ಹೆಜಮಾಡಿ. ಅಲ್ಲಿಯ ಒಂದು ಮದುವೆಗೆ, ಹಿಂದಿನ ಸೀಟನ್ನು ಮತ್ತೆ ಕೂರಿಸಿ, ಎಲ್ಲರೂ ಹೋಗಿದ್ದೆವು. ಊಟದ ಹೊತ್ತಿಗೆ ಮಾಮಿ ಎದೆ ಹಿಡಿದುಕೊಂಡು ಕುಸಿದಳು. ಹಿಂದೆ ಅಮ್ಮನ ತೊಡೆಯ ಮೇಲೆ ಅವಳ ತಲೆ. ಮುಂದೆ ಅಜ್ಜಿ, ನಾನು. ಫಳ್ನೀರಿನ ಆಸ್ಪತ್ರೆಯ ಕಡೆಗೆ ಕಾರು ಹೊರಟಿತು. ಹೆದ್ದಾರಿ ಅಂಗೈಯ ಹಾಗೆ ಚಪ್ಪಟೆ, ಒಂದು ಏರೂ ಇಲ್ಲ. ಮಾಮ ಒತ್ತಿದಷ್ಟೂ ಇಂಜಿನ್ ಅರಚಿತು, ಮುಳ್ಳು ಅರವತ್ತರ ಹತ್ತಿರ ನಡುಗುತ್ತಾ ನಿಂತಿತು. ಬಸ್ಸುಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿದವು. ಒಂದು ಲಾರಿಯೂ ದಾಟಿತು. ಮಾಮಿ ಕಣ್ಣು ಬಿಟ್ಟು, "ನಿಧಾನ ಹೋಗಿ, ಎಂತ ಅವಸರ" ಎಂದಳು. ತಮಾಷೆಗೆ ಹೇಳಿದಳೋ, ಮಾಮನಿಗೆ ಧೈರ್ಯ ಬರಲೆಂದೋ, ನನಗೆ ಇವತ್ತಿಗೂ ತಿಳಿಯದು. ಕೂಳೂರಿನ ಸೇತುವೆಯ ಮೇಲೆ ಅಮ್ಮ ಅವಳ ಕಣ್ಣು ಮುಚ್ಚಿದಳು. ಮಾಮನಿಗೆ ಹೇಳಲಿಲ್ಲ. ಅವರು ಆಸ್ಪತ್ರೆಯ ಬಾಗಿಲಿನವರೆಗೂ ಹಾಗೆಯೇ ಒತ್ತುತ್ತಿದ್ದರು.

ಹೆಜಮಾಡಿಯಲ್ಲೇ ಆಸ್ಪತ್ರೆ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಾವು ನಂಬಿದೆವು, ಮಾಮ ನಂಬಲಿಲ್ಲ. ಮಾಮಿಯ ಉತ್ತರಕ್ರಿಯೆಯ ಬೊಜ್ಜ ಮುಗಿದದ್ದೇ ಕಾರನ್ನು ಗ್ಯಾರೇಜಿಗೆ ಒಯ್ದು ಎಳೆತದ ಹಲ್ಲು ಕಿತ್ತು ಓಟದ ಹಲ್ಲು ಹಾಕಿಸಿ ತಂದರು. ಮೀನಿನ ಭಾರಕ್ಕೆ ಇದು ಆಗುವುದಿಲ್ಲ ಎಂದು ಗ್ಯಾರೇಜಿನವನು ಹೇಳಿದ್ದನಂತೆ, ಅಜ್ಜಿಯೂ ಹೇಳಿದಳು. "ಇನ್ನೊಬ್ಬರನ್ನು ಹಾಗೆ ಒಯ್ಯುವ ದಿನ ಬಂದರೆ?" ಎಂದು ಕೇಳಿದರು ಮಾಮ. ಅಂತಹ ದಿನ ಮತ್ತೆ ಬರಲಿಲ್ಲ. ಗುರುಪುರದ ಏರು ಮಾತ್ರ ದಿನಾಲೂ ಬಂತು. ಬುಟ್ಟಿ ತುಂಬಿದ ಕಾರು ಅರ್ಧ ಏರಿಗೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ರೇಡಿಯೇಟರ್ ಕುದಿಯಿತು, ಕ್ಲಚ್ ಸುಟ್ಟುಹೋಯಿತು, ಐಸು ಕರಗಿತು. ಮೇಲಿನ ಗಿರಾಕಿಗಳು ಬಿಸಿಲೇರುವವರೆಗೆ ಕಾದು, ಹೊತ್ತಿಗೆ ಸರಿಯಾಗಿ ಬರುವ ಟೆಂಪೋದವನ ಹತ್ತಿರ ಕೊಂಡರು. ಹಲ್ಲು ಬದಲಿಸಿ ಎಂದು ಹೇಳಲು ನಮಗಾರಿಗೂ ಬಾಯಿ ಬರಲಿಲ್ಲ, ಏಕೆಂದರೆ ಅದು ಹಲ್ಲಿನ ಮಾತಾಗಿ ಉಳಿದಿರಲಿಲ್ಲ. ವ್ಯಾಪಾರ ನಿಂತಿತು. ಅಜ್ಜಿ ಹೋದಳು, ಮನೆ ಮಾರಾಟವಾಯಿತು, ಅಲ್ಲಿ ಈಗ ಅಪಾರ್ಟ್‌ಮೆಂಟ್. ಆಮೇಲೆ ಅಮ್ಮನೂ ಹೋದಳು. ಕಳೆದ ವರ್ಷ ಮಾಮ. ನನ್ನ ಪಾಲಿಗೆ ಕಾರು ಬಂತು.

ನನಗೆ ಬೇಕಾದದ್ದು ಒಂದೇ: ಜೆಪ್ಪುವಿನ ಆ ಇಳಿಜಾರಿನಲ್ಲಿ ಆ ಕೂಗನ್ನು ಇನ್ನೊಮ್ಮೆ ಕೇಳುವುದು. ಅದಕ್ಕೆ ಎಂಟು–ಮೂವತ್ತೊಂಬತ್ತು ಹುಡುಕಿದ್ದು, ಅದಕ್ಕೆ ಹನ್ನೊಂದು ಸಾವಿರ. ವಾಮಂಜೂರಿನ ಗ್ಯಾರೇಜಿನ ಹಮೀದ್ ತಲೆ ಕೆರೆದುಕೊಂಡ. "ಅಕ್ಕಾ, ಈಗ ನೀವು ಮೀನು ಹೇರುವುದು ಪಿಕಪ್ಪಿನಲ್ಲಿ. ಇದರಲ್ಲಿ ನೀವೊಬ್ಬರೇ ಕೂತುಕೊಳ್ಳುವುದು. ಒಬ್ಬರಿಗೆ ಇಷ್ಟು ಎಳೆತ ಎಂತಕ್ಕೆ ಮಾರಾಯ್ರೆ?" ಹಾಕು ಎಂದೆ. ಹಾಕಿದ. ಭಾರದಲ್ಲಿ ಪರೀಕ್ಷೆ ಮಾಡಬೇಕೆಂದು ಸೀಟುಗಳ ಮೇಲೆ ಮರಳಿನ ಚೀಲ ಇಟ್ಟು, ಹಮೀದ್ ಸ್ಟಿಯರಿಂಗ್ ಹಿಡಿದು, ನಾನು ಹಿಂದೆ ಚೀಲಗಳ ನಡುವೆ ಕೂತು, ಜೆಪ್ಪುವಿಗೆ ಹೋದೆವು. ಏರು ಹತ್ತಿತು, ಮೊದಲಿನ ಹಾಗೆಯೇ. ಇಳಿಜಾರಿನ ತಲೆಯಲ್ಲಿ ಕಾಲು ತೆಗೆಯಲು ಹೇಳಿದೆ. ಕಾರು ಸದ್ದಿಲ್ಲದೆ ಇಳಿಯಿತು. "ಕೇಳಿದ್ರಾ ಅಕ್ಕಾ," ಎಂದ ಹಮೀದ್, ಮುಖ ಅರಳಿಸಿಕೊಂಡು, "ಒಂದು ಚೂರು ಕೂಗು ಇಲ್ಲ. ಹಲ್ಲು ಸರಿ ಕೂರದಿದ್ದರೆ ಮಾತ್ರ ಕೂಗುವುದು. ಹಳೇ ಹಲ್ಲು ಸರಿಯಾಗಿ ಕೂತುಕೊಳ್ಳಬೇಕಾದರೆ ಎರಡು ದಿನ ಹಿಡಿಯಿತು ನನಗೆ." ಒಳ್ಳೆಯ ಕೆಲಸ ಎಂದೆ. ಒಳ್ಳೆಯ ಕೆಲಸವೇ ಅದು.

ಹಳೇ ಕಾರು ಇಟ್ಟುಕೊಂಡವರು ಕೇಳಿ. ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಕೊಳ್ಳಿ; ಒಂದು ಹಳೆಯದು, ಒಂದು ಹೊಸದು ಸೇರಿಸಿದರೆ ಒಂದನ್ನೊಂದು ತಿನ್ನುತ್ತವೆ. ಕೊಳ್ಳುವ ಮೊದಲು ಹಲ್ಲು ನೀವೇ ಎಣಿಸಿ. ಅನುಪಾತ ಬದಲಿಸಿದ ಮೇಲೆ ಸ್ಪೀಡೋಮೀಟರಿನ ಮುಳ್ಳನ್ನು ನಂಬಬೇಡಿ. ದಿನಾ ಹೊರುವ ಭಾರಕ್ಕೆ ತಕ್ಕ ಹಲ್ಲು ಹಾಕಿಸಿ, ಹೆದರಿಕೆಯ ಒಂದು ದಿನಕ್ಕೆ ತಕ್ಕದ್ದಲ್ಲ. ಮತ್ತೆ, ಏರಿನಲ್ಲಿ ಪರೀಕ್ಷೆ ಮಾಡುವಾಗ ಮರಳಿನ ಚೀಲ ಇಡಬೇಡಿ. ತೂಕ ಸರಿ ಬರುತ್ತದೆ, ಆದರೆ ತಿರುವಿನಲ್ಲಿ ಅವು ನಿಮ್ಮ ಮೇಲೆ ವಾಲಿ ನಗುವುದಿಲ್ಲ, ನಿಧಾನ ಹೋಗಿ ಎನ್ನುವುದಿಲ್ಲ. ಮನೆಯವರನ್ನೇ ಕೂರಿಸಿಕೊಂಡು ಹೋಗಿ. ಸೀಟು ತುಂಬುವಷ್ಟು ಜನ ಇರುವಾಗಲೇ ಹೋಗಿ.